ವಾಡೆ ನಿಲ್ಲುವುದು ತಕರಾರಿನ ಮೇಲೆ: ಸ್ವಾರಗೇಟದ ಉತ್ತರಕ್ಕಿರುವ ಪೇಠಗಳನ್ನು ಕುರಿತು ಒಂದು ಸಂಶೋಧನ ಪ್ರಬಂಧ

ಹಳೆಯ ಪೇಟೆಯ ಮನೆ ಯಾವುದರ ಆಧಾರದ ಮೇಲೆ ನಿಂತಿರುತ್ತದೆ ಎಂಬ ಪ್ರಶ್ನೆಗೆ ಪೂರ್ವಸೂರಿಗಳು ಕಲ್ಲಿನ ಅಡಿಪಾಯ, ಸಾಗವಾನಿ ತೊಲೆ, ಸುಣ್ಣದ ಗಚ್ಚು ಎಂದೆಲ್ಲ ಉತ್ತರಿಸಿದ್ದಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಬೇರೆ. ಮನೆ ನಿಲ್ಲುವುದು ತಕರಾರಿನ ಮೇಲೆ. ಇದನ್ನು ಸಿದ್ಧಪಡಿಸಲು ಪುಣೆಯ ಸ್ವಾರಗೇಟಕ್ಕಿಂತ ಅನುಕೂಲವಾದ ಪ್ರಯೋಗಶಾಲೆ ಇಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸುಗಳು ಬಂದು ನಿಲ್ಲುವ ಆ ನೆಲ ಬಹುಪಾಲು ಸರಕಾರದ್ದು. ಅದಕ್ಕೆ ಅಣ್ಣತಮ್ಮಂದಿರಿಲ್ಲ, ಬಾಡಿಗೆದಾರರಿಲ್ಲ, ತೀರಿಹೋದ ಚಿಕ್ಕಪ್ಪನ ಮೊದಲ ಹೆಂಡತಿಯ ಮಕ್ಕಳಿಲ್ಲ. ಪರಿಣಾಮವಾಗಿ ಡಿಪೋ ಬಂತು, ಕೇಶವರಾವ ಜೇಧೆ ಹೆಸರಿನ ಮೇಲ್ಸೇತುವೆ ಬಂತು, 2024ರ ಸೆಪ್ಟೆಂಬರಿನಲ್ಲಿ ನೆಲದಡಿಯ ಮೆಟ್ರೋ ನಿಲ್ದಾಣವೂ ತೆರೆಯಿತು. ಹಳೆಯದನ್ನು ಅಲ್ಲಿ ಹುಡುಕಬೇಕು. ಉತ್ತರಕ್ಕೆ ತಿರುಗಿ ಶುಕ್ರವಾರ ಪೇಠ, ಘೋರ್ಪಡೆ ಪೇಠಗಳನ್ನು ಹೊಕ್ಕರೆ, ಅಲ್ಲಿಂದಾಚೆ ವಾರದ ಒಂದು ದಿನವನ್ನೂ ಬಿಡದೆ ಹೆಸರಿಟ್ಟುಕೊಂಡ ಪೇಠಗಳಲ್ಲಿ ಅಷ್ಟಿಷ್ಟಾದರೂ ವಾಡೆಗಳು ಉಳಿದಿವೆ. ಮಳೆ ಒಂದೇ, ಬಿಸಿಲು ಒಂದೇ. ವ್ಯತ್ಯಾಸ ಇರುವುದು ಹಿಸ್ಸೆಯಲ್ಲಿ ಮಾತ್ರ.

ಈ ಸಂರಕ್ಷಣೆ ನಡೆಯುವ ಕ್ರಮವನ್ನು ಸ್ವಲ್ಪ ಬಿಡಿಸಿ ನೋಡಬೇಕು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಗೂಟ ಹೊಡೆದು ಕಟ್ಟಿತು. 1999ರ ಮಹಾರಾಷ್ಟ್ರ ಕಾಯಿದೆ ಹಗ್ಗ ಸಡಿಲಿಸಿ ವರ್ಷಕ್ಕೆ ಶೇ. 4ರಷ್ಟು ಏರಿಸಲು ಒಪ್ಪಿತು. ಅಂದರೆ ಹತ್ತು ರೂಪಾಯಿ ಬಾಡಿಗೆಯ ಕೋಣೆಗೆ ಮೊದಲ ವರ್ಷ ನಲವತ್ತು ಪೈಸೆ ಹೆಚ್ಚಳ. ಅಷ್ಟು ಚಿಲ್ಲರೆ ಈಗ ಟಂಕಸಾಲೆಯಲ್ಲೂ ಸಿಗದು. ಈ ಆದಾಯದಲ್ಲಿ ಒಂದು ಹಂಚು ಕೂಡ ಬಾರದಾದ್ದರಿಂದ ಮಾಲೀಕ ರಿಪೇರಿ ಮಾಡಿಸುವುದಿಲ್ಲ; ಮನೆ ತನ್ನದಲ್ಲವಾದ್ದರಿಂದ ಬಾಡಿಗೆದಾರ ಮಾಡಿಸುವುದಿಲ್ಲ; ಬಿಟ್ಟುಹೋದರೆ ಹಕ್ಕೇ ಹೋಗುತ್ತದಾದ್ದರಿಂದ ಹೋಗುವುದೂ ಇಲ್ಲ. ಬಿಲ್ಡರನು ಬಂದು ಆಸೆ ತೋರಿಸಿದರೆ ಹಿಸ್ಸೇದಾರರಲ್ಲಿ ಒಬ್ಬನಾದರೂ ಸಹಿಗೆ ಒಲ್ಲೆನೆನ್ನುತ್ತಾನೆ. ಮಳೆಗಾಲಕ್ಕೆ ಮುಂಚೆ ಮಹಾನಗರಪಾಲಿಕೆ ಅಪಾಯದ ವಾಡೆಗಳಿಗೆ ನೋಟೀಸು ಕೊಡುತ್ತದೆ. ಅದು ಕಡತ ಸೇರಿ ವ್ಯಾಜ್ಯಕ್ಕೆ ಇನ್ನೊಂದು ದಾಖಲೆಯಾಗುತ್ತದೆ. ಹೀಗೆ ನಾಲ್ಕೂ ದಿಕ್ಕಿನಿಂದ ಸಮಬಲದಲ್ಲಿ ನೂಕಿಸಿಕೊಂಡ ಗೋಡೆ ಯಾವ ಕಡೆಗೂ ಬೀಳಲಾರದು ಎಂಬುದು ಭೌತಶಾಸ್ತ್ರಕ್ಕೂ ಒಪ್ಪಿಗೆಯಾಗಬೇಕಾದ ಮಾತು.

ಇದಕ್ಕೆ ಶಾಸನಾಧಾರವೂ ಉಂಟು. ಪುಣೇರಿ ಪಾಟಿ ಎಂದು ಹೆಸರಾದ ಬಾಗಿಲ ಫಲಕಗಳನ್ನು ಜನ ನಗೆಹನಿಗಳೆಂದು ಓದುತ್ತಾರೆ. ಇದು ಶಾಸ್ತ್ರಕ್ಕೆ ಮಾಡುವ ಅವಮಾನ. ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗಾಗಿ ಹಳ್ಳಿಹಳ್ಳಿಯ ಕಲ್ಲು ಓದಿಸಿದಂತೆ ಇವನ್ನೂ ಯಾರಾದರೂ ಓದಿಸಬೇಕಿತ್ತು. ನಮ್ಮ ದಾನಶಾಸನದಲ್ಲಿ ಮೊದಲು ಎಲ್ಲೆಕಟ್ಟು, ಕೊನೆಗೆ ಶಾಪ: ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಪಾಟಿಯ ರಚನೆಯೂ ಅದೇ. ಎಲ್ಲೆ: ಈ ಗೇಟಿನ ಮುಂದೆ ಗಾಡಿ ನಿಲ್ಲಿಸಕೂಡದು. ಶಾಪ: ನಿಲ್ಲಿಸಿದರೆ ಗಾಲಿಯ ಗಾಳಿ ತೆಗೆಯಲಾಗುವುದು. ಪರಲೋಕದ ಶಿಕ್ಷೆ ಇಹಲೋಕಕ್ಕೆ ವರ್ಗವಾದದ್ದಷ್ಟೇ ಕಾಲದ ಬದಲಾವಣೆ. ಒಂದೇ ಅಂಗಳಕ್ಕೆ ಇಷ್ಟು ಎಲ್ಲೆಗಳನ್ನು ಬರೆದಿಟ್ಟ ಸಮಾಜ ಅದನ್ನು ಒಮ್ಮತದಿಂದ ಕೆಡವೀತೆಂದು ನಂಬುವುದು ಕಷ್ಟ.

ಆಕ್ಷೇಪಗಳು ಬರುತ್ತವೆ. ಮೊದಲನೆಯದು ಇತಿಹಾಸಕಾರರದು, ತೂಕವುಳ್ಳದ್ದು: ಪೇಶವೆಗಳ ಅರಮನೆ ಶನಿವಾರವಾಡಾದಲ್ಲಿ ದಾಯಾದಿ ಕಲಹಕ್ಕೇನು ಕೊರತೆಯಿತ್ತು? 1773ರಲ್ಲಿ ನಾರಾಯಣರಾವ ಪೇಶವೆಯ ಕೊಲೆಯೇ ಅಲ್ಲಿ ನಡೆಯಿತು. ಆದರೂ 1828ರಲ್ಲಿ ಅದು ಸುಟ್ಟುಹೋಯಿತಲ್ಲ? ಸಮಾಧಾನ ಹೀಗೆ. ಆ ಜಗಳವನ್ನು ಸರಿಯಾಗಿ ಬೆಳೆಸಲಿಲ್ಲ. ಒಂದು ಪಕ್ಷ ಕತ್ತಿಯಿಂದ ಮುಗಿಸಿತು. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ತಾರೀಖಿನ ಮೇಲೆ ತಾರೀಖು ಕೊಡುವ ಬದಲು ಕೊಲೆಯಾದವನ ಚಿಕ್ಕಪ್ಪ ರಘುನಾಥರಾವನೇ ಅಪರಾಧಿಯೆಂದು ಹೇಳಿಯೇಬಿಟ್ಟರು. ಶೀಘ್ರನ್ಯಾಯದಿಂದ ಕಟ್ಟಡಗಳಿಗೆ ಆಗುವ ಹಾನಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಬೆಂಕಿ ಬಿದ್ದಾಗಲಂತೂ ಅರಮನೆ ಕಂಪನಿ ಸರಕಾರವೊಂದರದೇ ಸ್ವತ್ತಾಗಿತ್ತು. ಅರಗಿನ ಮನೆಯಲ್ಲಿ ದುರ್ಯೋಧನನಿಗೂ ಒಂದು ಕೋಣೆಯ ಪಾಲಿದ್ದಿದ್ದರೆ ಪುರೋಚನನ ಕೈಗೆ ಕೊಳ್ಳಿ ಬರುತ್ತಿತ್ತೇ? ಎರಡನೆಯ ಆಕ್ಷೇಪ ಕಾನೂನು ಪಂಡಿತರದು: ಹಳೆಯದನ್ನು ಕಾಯುವುದು ಪುರಾತತ್ವ ಕಾಯಿದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರು ಅನುಮತಿಗೊಳಪಟ್ಟದ್ದು. ನಿಜ. ಆದರೆ ಶನಿವಾರವಾಡಾದ ಸುತ್ತ ಬಿರುಕುಬಿಟ್ಟ ವಾಡೆಯಲ್ಲಿರುವವರು ಅದನ್ನು ಹೊಸದಾಗಿ ಕಟ್ಟಿಕೊಳ್ಳಲೂ ಆಗದೆ ಕೂತಿದ್ದಾರೆ. ಕಾಯಿದೆ ಇಲ್ಲಿ ತಕರಾರಿಗೆ ಸೇರಿದ ಮತ್ತೊಬ್ಬ ಪಕ್ಷಕಾರ, ಅಷ್ಟೆ. ಪೇಠಗಳಿಗೂ ಮೆಟ್ರೋ ಬಂತಲ್ಲ ಎಂಬ ಆಕ್ಷೇಪಕ್ಕೆ ಒಂದೇ ಸಾಲು ಸಾಕು: ಕಸಬಾ ಪೇಠದಿಂದ ಮಂಡಯಿ ದಾಟಿ ಸ್ವಾರಗೇಟದವರೆಗೆ ಎಂಜಿನಿಯರುಗಳು ನೆಲದಡಿಯಲ್ಲೇ ಹೋದರು, ಏಕೆಂದರೆ ಪಾತಾಳದಲ್ಲಿ ಹಿಸ್ಸೇದಾರರಿಲ್ಲ.

ಉಳಿದದ್ದು ಒಳಗೆ ವಾಸಿಸುವವರ ಆಕ್ಷೇಪ. ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ, ತೊಲೆಗೆ ಊರುಗೋಲು ಕೊಟ್ಟು ಅದರ ಕೆಳಗೇ ಮಲಗಬೇಕು, ಶೌಚಕ್ಕೆ ಪಾಳಿ ಹಚ್ಚಬೇಕು ಎನ್ನುತ್ತಾರೆ. ಇದಕ್ಕೆ ಸಿದ್ಧಾಂತದಲ್ಲಿ ಉತ್ತರವಿಲ್ಲ. ವಾಡೆಯ ಫೋಟೋ ತೆಗೆದು ಪರಂಪರೆಯೆಂದು ಹೊಗಳುವವರು ಸಂಜೆ ಲಿಫ್ಟು ಇರುವ ಮನೆಗೆ ಹೋಗುತ್ತಾರೆ. ಅವರ ಹತ್ತಿರವೂ ಉತ್ತರವಿಲ್ಲ. ಸಿದ್ಧಾಂತ ಮನೆಯನ್ನು ಉಳಿಸುತ್ತದೆ. ಮನೆಯವರು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವರು ಪ್ರತಿವಾದಿ ನಂಬರು ಒಂದರಿಂದ ಹದಿನೇಳು. ಧಾರವಾಡದಲ್ಲೋ ವಿಜಯಪುರದಲ್ಲೋ ಅಜ್ಜನ ಕಾಲದ ವಾಡೆಯಲ್ಲಿ ಪಾಲುಳ್ಳ ಓದುಗರಲ್ಲಿ ಆದ್ದರಿಂದ ಒಂದು ವಿನಂತಿ: ಮನೆ ಉಳಿಯಬೇಕೆಂದಿದ್ದರೆ ಪಾಲುಪಟ್ಟಿಗೆ ಸಹಿ ಹಾಕಬೇಡಿ, ತಕರಾರು ಅರ್ಜಿ ಹಾಕಿ, ಮನೆಯಲ್ಲಿರುವವರು ಉಳಿಯಬೇಕೆಂದಿದ್ದರೆ ಈ ಮಳೆಗಾಲಕ್ಕೆ ಮುಂಚೆ ಮಾಳಿಗೆ ರಿಪೇರಿ ಮಾಡಿಸಿ, ಖರ್ಚು ಯಾರದೆಂಬ ಜಗಳವನ್ನು ಆಮೇಲೆ ಆಡಿ.