ನಮ್ಮ ಮನೆಯ ಸ್ಲ್ಯಾಕ್ ಟೈಮ್

ನಮ್ಮ ಗುಬ್ಬಿಯ ಬಿದರೆಹಳ್ಳ ಕಾವಲ್ ಅಂದರೆ ಈಗ ದಿಲ್ಲಿಯವರಿಗೂ ಗೊತ್ತು. 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿದರು, 2023ರ ಫೆಬ್ರುವರಿ 6ರಂದು ಅವರೇ ಬಂದು ಉದ್ಘಾಟನೆಯನ್ನೂ ಮಾಡಿದರು. ಮೊದಲಿಗೆ ವರ್ಷಕ್ಕೆ ಮೂವತ್ತು ಹೆಲಿಕಾಪ್ಟರ್, ಆಮೇಲೆ ಅರವತ್ತು, ತೊಂಬತ್ತು ಅನ್ನುವ ಲೆಕ್ಕ. ಬೆಂಗಳೂರಿನ ನೆಂಟರು ಫೋನ್ ಮಾಡಿದಾಗಲೆಲ್ಲ "ನಿಮಗೇನಪ್ಪ, ಹಾರ್ಕೊಂಡೇ ಬಂದುಬಿಡ್ತೀರ" ಅನ್ನುತ್ತಾರೆ. ಆ ಫೋನನ್ನು ನಾನು ಸಾಮಾನ್ಯವಾಗಿ ಎತ್ತುವುದು ಗುಬ್ಬಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ರೈಲು ಕಾಯುತ್ತ.

ನಮ್ಮ ಮನೆಯಲ್ಲಿ ರೈಲ್ವೆ ಖಾತೆ ನನ್ನದು. ಹಣಕಾಸು, ಆಹಾರ, ತೋಟದ ಮೋಟರ್, ಕೊನೆಗೆ ಗೃಹ ಖಾತೆಯೂ ಹೆಂಡತಿಯ ಕೈಯಲ್ಲಿದೆ. ರೈಲ್ವೆ ಯಾರಿಗೂ ಬೇಡವಾಗಿ ಉಳಿದಿತ್ತು, ನನಗೆ ಬಂತು. 2024ರಲ್ಲಿ ತುಮಕೂರಿನ ಸಂಸದರು ರೈಲ್ವೆ ರಾಜ್ಯ ಸಚಿವರಾದಾಗ ನನ್ನ ಖಾತೆಗೂ ಒಂದಿಷ್ಟು ತೂಕ ಬಂದೀತು ಅಂದುಕೊಂಡೆ. "ಅವರು ರಾಜ್ಯ ಸಚಿವರು, ನೀವು ಖಾತೆ ಇಲ್ಲದ ಸಚಿವರು" ಅಂದಳು ಹೆಂಡತಿ, ಬೀನ್ಸ್ ಮುರಿಯುತ್ತ.

ನನ್ನ ಕಚೇರಿ ಇರುವುದು ಬೀರುವಿನ ಬಾಗಿಲ ಒಳಮೈಯಲ್ಲಿ. ಅಲ್ಲಿ ವೇಳಾಪಟ್ಟಿಯ ಹಾಳೆ ಅಂಟಿಸಿದ್ದೇನೆ. ಬಾಗಿಲಿನ ಕನ್ನಡಿ ಅದರ ಪಕ್ಕದಲ್ಲೇ ಇರುವುದರಿಂದ, ಹೆಂಡತಿ ಹಣೆಯಿಂದ ತೆಗೆದ ಸ್ಟಿಕ್ಕರ್ ಬಿಂದಿಗಳೆಲ್ಲ ಹಾಳೆಯ ಮೇಲೆ ಹೋಗಿ ಕೂರುತ್ತವೆ. ಬಾಣಸಂದ್ರದ ಮೇಲೊಂದು ಮರೂನ್ ಬಿಂದಿ, ಅಮ್ಮಸಂದ್ರದ ಮೇಲೊಂದು ಹಸಿರು. ಅಂಚಿನಲ್ಲಿ ಹಾಲಿನ ಲೆಕ್ಕ. ಎಷ್ಟೋ ಸಲ ರೈಲು ಬರುವ ಹೊತ್ತನ್ನೂ ಹಾಲಿನವನ ಬಾಕಿಯನ್ನೂ ಒಂದೇ ಉಸಿರಿಗೆ ಓದಿಕೊಂಡಿದ್ದೇನೆ.

ಈ ಹಾಳೆ ಬದಲಾಯಿಸುವುದು ಯಾವಾಗ ಅನ್ನುವುದೇ ದೊಡ್ಡ ಪ್ರಶ್ನೆ. ಹಿಂದೆಲ್ಲ ಹೊಸ ವೇಳಾಪಟ್ಟಿ ಜುಲೈ 1ಕ್ಕೆ ಬರುತ್ತಿತ್ತು, ಶಾಲೆ ಪುಸ್ತಕದ ಜೊತೆಜೊತೆಗೆ. 2023ರಲ್ಲಿ ಅಕ್ಟೋಬರ್ 1ಕ್ಕೆ ಬಂತು. 2024ರಲ್ಲಿ ಹಳೆಯದನ್ನೇ ಡಿಸೆಂಬರ್ 31ರವರೆಗೆ ಎಳೆದು, 2025ರ ಜನವರಿ 1ಕ್ಕೆ ಹೊಸದನ್ನು ತಂದರು. ರೈಲು ತಡವಾದರೆ ವೇಳಾಪಟ್ಟಿ ನೋಡಬಹುದು, ವೇಳಾಪಟ್ಟಿಯೇ ತಡವಾದರೆ ಯಾವ ಪಟ್ಟಿ ನೋಡುವುದು? ಆ ಆರು ತಿಂಗಳು ನನ್ನ ಅಧಿಕಾರ ಉಸ್ತುವಾರಿ ಸರ್ಕಾರದ ಹಾಗಿತ್ತು. ಊರಿಗೆ ಹೊರಡುವವರು ಬಂದು ಕೇಳಿದರೆ "ಸದ್ಯಕ್ಕೆ ಹೀಗಿದೆ, ಮುಂದೆ ನೋಡೋಣ" ಅನ್ನುತ್ತಿದ್ದೆ.

ಕುಣಿಗಲ್‌ನ ನನ್ನ ಷಡ್ಡಕ ಇದನ್ನೆಲ್ಲ ಕೇಳಿ ನಕ್ಕುಬಿಟ್ಟ. ಅವರೂರಿನ ಬೆಂಗಳೂರು–ಹಾಸನ ಮಾರ್ಗ 1996–97ರ ಬಜೆಟ್ಟಿನಲ್ಲಿ ಹುಟ್ಟಿದ್ದು, ಪೂರ್ತಿ ಮಾರ್ಗದಲ್ಲಿ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. "ನಿಮಗೆ ರೈಲು ಲೇಟು. ನಮಗೆ ಹಳಿಯೇ ಇಪ್ಪತ್ತು ವರ್ಷ ಲೇಟು" ಅಂದ. ಷಡ್ಡಕರ ಮುಂದೆ ಗೋಳು ಹೇಳಿಕೊಳ್ಳಬಾರದು, ಅವರದ್ದು ಯಾವಾಗಲೂ ಒಂದು ತೂಕ ಹೆಚ್ಚೇ ಇರುತ್ತದೆ.

ಅಂತೂ ಜನವರಿಯಲ್ಲಿ ಹೊಸದು ಬಂತು. ಕೋವಿಡ್ ಕಾಲದಲ್ಲಿ 'ಸ್ಪೆಷಲ್' ಆಗಿ ನಂಬರಿನ ಮುಂದೆ ಸೊನ್ನೆ ಹಚ್ಚಿಕೊಂಡು ಓಡಾಡುತ್ತಿದ್ದ ಪ್ಯಾಸೆಂಜರ್‌ಗಳ ಸೊನ್ನೆಯೂ ಹೋಯಿತು. ಇದನ್ನು ಊಟದ ಹೊತ್ತಿಗೆ ಗಂಭೀರವಾಗಿ ಪ್ರಕಟಿಸಿದೆ. ಅಮ್ಮ ಮುದ್ದೆ ಮುರಿಯುತ್ತ "ಸೊನ್ನೆ ತೆಗೆದ್ರೆ ಬೇಗ ಬತ್ತದೇನಪ್ಪ?" ಅಂದಳು. ಇಂಥ ಪ್ರಶ್ನೆಗಳಿಗೆ ನನ್ನ ಇಲಾಖೆಯಲ್ಲಿ ಉತ್ತರವಿಲ್ಲ.

ಆದರೆ ವೇಳಾಪಟ್ಟಿ ಓದುವುದರಲ್ಲಿ ಒಂದು ಗುಟ್ಟಿದೆ, ಅದು ನನಗೆ ಗೊತ್ತು ಅನ್ನುವುದೇ ನನ್ನ ಜಂಬ. ಮೆಜೆಸ್ಟಿಕ್‌ನಿಂದ ಯಶವಂತಪುರಕ್ಕೆ ಐದು ಕಿಲೋಮೀಟರ್ ಆಸುಪಾಸು. ಹೋಗುವಾಗ ರೈಲು ಹತ್ತು ನಿಮಿಷದೊಳಗೆ ಮುಟ್ಟುತ್ತದೆ. ಬರುವಾಗ ಅದೇ ಐದು ಕಿಲೋಮೀಟರಿಗೆ ಹಲವು ರೈಲುಗಳಿಗೆ ಇಪ್ಪತ್ತೈದು, ಮೂವತ್ತು ನಿಮಿಷ ಬರೆದಿರುತ್ತಾರೆ. ದಾರಿಯುದ್ದಕ್ಕೂ ಕಳೆದುಕೊಂಡ ಹೊತ್ತನ್ನು ಕೊನೆಯಲ್ಲಿ ನುಂಗಿಕೊಳ್ಳಲು ಇಟ್ಟ ಜಾಗ ಅದು. ರೈಲ್ವೆಯವರು ಸ್ಲ್ಯಾಕ್ ಅನ್ನುತ್ತಾರೆ. ತಿಪಟೂರಲ್ಲಿ ತಡ, ತುಮಕೂರಲ್ಲಿ ತಡ, ಮೆಜೆಸ್ಟಿಕ್‌ನಲ್ಲಿ ಮಾತ್ರ ಸರಿಯಾದ ಸಮಯ!

ಇದನ್ನು ಹೆಂಡತಿಗೆ ವಿವರಿಸಿದೆ. ಅವಳು ಆಶ್ಚರ್ಯಪಡಲಿಲ್ಲ. "ಮದುವೆಯಾದಾಗಿಂದ ನಾನು ಮಾಡ್ತಿರೋದು ಅದೇ ಅಲ್ವಾ?" ಅಂದಳು. ಆಮೇಲೆ ತಿಳಿಯಿತು, ನನಗೆ ಹೇಳುವ ಸಮಯಗಳೆಲ್ಲ ಅಸಲಿ ಸಮಯಗಳಲ್ಲ. ಮದುವೆ ಮುಹೂರ್ತ, ಬ್ಯಾಂಕ್ ಮುಚ್ಚುವ ಹೊತ್ತು, ಗ್ಯಾಸ್ ಸಿಲಿಂಡರ್ ಬರುವ ಗಳಿಗೆ, ಯಾವುದಕ್ಕೂ ಅವಳದ್ದೊಂದು ಸ್ಲ್ಯಾಕ್ ಸೇರಿಯೇ ನನ್ನ ಕಿವಿಗೆ ಬೀಳುತ್ತದೆ. ನಾನೇನು ಕಡಿಮೆ? ರೈಲಿನ ಹೊತ್ತನ್ನು ಅವಳಿಗೆ ಸರಿಯಾಗಿ ಹೇಳಿದ್ದೇ ಇಲ್ಲ.

ಈ ವಿದ್ಯೆಯ ಪೂರ್ಣ ಪ್ರದರ್ಶನವಾದದ್ದು ತಂಗಿಯ ಮೊಮ್ಮಗನ ನಾಮಕರಣಕ್ಕೆ ಹೊರಟ ದಿನ. ಮತ್ತಿಕೆರೆಯಲ್ಲಿ ಮನೆ, ಹತ್ತೂವರೆಗೆ ಮುಹೂರ್ತ ಅಂದಿದ್ದಳು. ಗುಬ್ಬಿಯಲ್ಲಿ ನಮ್ಮ ಎಕ್ಸ್‌ಪ್ರೆಸ್ ಏಳಕ್ಕೆ ಅಂತಿಟ್ಟುಕೊಳ್ಳಿ. ಅಸಲಿ ಹೊತ್ತು ಬರೆದರೆ ಈ ಸಂಚಿಕೆ ನಿಮ್ಮ ಕೈ ಸೇರುವುದರೊಳಗೆ ಅದು ಬದಲಾಗಿಬಿಟ್ಟೀತು. ನಾನು ಹೆಂಡತಿಗೆ ಆರೂ ಮುಕ್ಕಾಲು ಅಂದೆ. ಅವಳು ಅಮ್ಮನಿಗೆ ಆರೂವರೆ ಅಂದಳು. ಅಮ್ಮ ಮೊಮ್ಮಗಳಿಗೆ ಆರು ಅಂದಳು. ಮಗಳು ಮೊಬೈಲಿನಲ್ಲಿ 'ವೇರ್ ಈಸ್ ಮೈ ಟ್ರೇನ್' ನೋಡಿಕೊಂಡು, ಮನೆಯಲ್ಲಿ ನಿಜ ಗೊತ್ತಿದ್ದ ಏಕೈಕ ಪ್ರಾಣಿಯಾಗಿ, ಹೊದ್ದು ಮಲಗಿದಳು. ಆಟೋದವನಿಗೆ ಅಮ್ಮ ಹಿಂದಿನ ರಾತ್ರಿಯೇ ಬೇರೆ ಫೋನ್ ಮಾಡಿಸಿ, ಐದಕ್ಕೆ ಬಾ ಅಂದಿದ್ದಳು. ಅವನು ಅಮ್ಮನನ್ನು ಬಲ್ಲವನಲ್ಲ. ಐದಕ್ಕೇ ಬಂದು ಹಾರನ್ ಹೊಡೆದ.

ನಮ್ಮ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ ಹಳಿ ಬಂದದ್ದೂ ಅದೇ ವರ್ಷ. ಎರಡಕ್ಕೂ ಗಂಟೆಯೇ ಆಧಾರ. ಆದರೆ ಕಂಪನಿ ನಾಟಕದಲ್ಲಿ ಮೂರನೇ ಬೆಲ್ ಆದರೆ ಪರದೆ ಏಳಲೇಬೇಕು. ಅವತ್ತು ಇನ್ನೂ ಕತ್ತಲೆ ಹರಿಯದ ಪ್ಲಾಟ್‌ಫಾರಂನಲ್ಲಿ ನಾಲ್ಕು ಬ್ಯಾಗು, ಒಂದು ತೊಟ್ಟಿಲ ಹಾಸಿಗೆ, ಒಂದು ಚೀಲ ತೆಂಗಿನಕಾಯಿ ಇಟ್ಟುಕೊಂಡು ಕೂತ ನಮ್ಮನ್ನು ಬಿಟ್ಟರೆ ಪಾತ್ರಧಾರಿಗಳೂ ಇರಲಿಲ್ಲ, ಪ್ರೇಕ್ಷಕರೂ ಇರಲಿಲ್ಲ.

ಆರೂಕಾಲಿಗೆ ಒಂದು ರೈಲು ಬಂತು. ಯಾವಾಗಲೋ ಹೋಗಿರಬೇಕಿದ್ದ ಪ್ಯಾಸೆಂಜರ್, ತಡವಾಗಿ ಬಂದದ್ದು. ಅಮ್ಮ ಸೆರಗು ಸಿಕ್ಕಿಸಿ ಎದ್ದಳು.

"ಅಮ್ಮ, ಇದು ನಮ್ಮ ರೈಲಲ್ಲ!"

"ಬೆಂಗಳೂರಿಗೆ ಹೋಗುತ್ತೋ ಇಲ್ವೋ?"

"ಹೋಗುತ್ತೆ, ಆದ್ರೆ..."

"ಹಂಗಾದ್ರೆ ನಮ್ದೇ."

ಇದಕ್ಕೆ ಎದುರು ಹೇಳಲು ಯಾವ ಪರಿಷ್ಕೃತ ವೇಳಾಪಟ್ಟಿಯಲ್ಲೂ ಅವಕಾಶವಿಲ್ಲ. ಎಕ್ಸ್‌ಪ್ರೆಸ್ ಟಿಕೆಟ್ಟಿನಲ್ಲಿ ಪ್ಯಾಸೆಂಜರ್ ಹತ್ತಿದೆವು. ಸೀಟು ಸಿಕ್ಕಿತು, ಕಿಟಕಿ ಸಿಕ್ಕಿತು, ಹೆಂಡತಿಯ ಮುಖದಲ್ಲಿ ಅಪರೂಪದ ಮೆಚ್ಚುಗೆಯೂ ಕಂಡಿತು. ಕ್ಯಾತ್ಸಂದ್ರ ದಾಟುವಾಗ ತಟ್ಟೆ ಇಡ್ಲಿಯ ನೆನಪಾಗಿ ಎಲ್ಲರಿಗೂ ಹಸಿವಾಯಿತು. ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ಹಿರೇಹಳ್ಳಿಯಲ್ಲಿ ರೈಲು ನಿಂತಿತು.

ನಿಂತದ್ದು ನಿಂತೇ ಇತ್ತು. ಡಬ್ಬಿ ಖಾಲಿಯಾಯಿತು, ಕೈ ತೊಳೆದದ್ದಾಯಿತು, ಎದುರು ಸೀಟಿನವರ ಊರು, ಗೋತ್ರ, ಮಂಡಿನೋವು ಎಲ್ಲ ವಿಚಾರಿಸಿಕೊಂಡದ್ದಾಯಿತು. ಲೂಪ್ ಲೈನಿಗೆ ಹಾಕಿದ್ದಾರೆ, ಹಿಂದಿನಿಂದ ಯಾವುದೋ ದೊಡ್ಡ ಗಾಡಿ ಬರುತ್ತಿರಬೇಕು, ಅದಕ್ಕೆ ದಾರಿ ಬಿಡುವುದು ನಿಯಮ ಎಂದು ನಾನು ಬೋಗಿಗೆಲ್ಲ ಕೇಳುವಂತೆ ವಿವರಿಸಿದೆ. ಹಿಂದೆ ಹಳಿ ಒಂದೇ ಇದ್ದಾಗ ಎದುರಿನ ರೈಲಿಗೂ ಕಾಯಬೇಕಿತ್ತು, ಈಗ ಜೋಡಿಹಳಿ ಆದಮೇಲೆ ಹಿಂದಿನದಕ್ಕೆ ಮಾತ್ರ ಕಾದರೆ ಸಾಕು ಅಂತಲೂ ಸೇರಿಸಿದೆ. ಕೆಲವರು ತಲೆಯಾಡಿಸಿದರು. ಒಬ್ಬರು ನಿದ್ದೆಯಲ್ಲಿ ಆಡಿಸಿದ್ದು.

ಆಗ ಪಕ್ಕದ ಹಳಿ ನಡುಗಿತು. ದೊಡ್ಡ ಗಾಡಿ ಧಡಧಡನೆ ಹಾದುಹೋಯಿತು. ಮಗಳು ಮೊಬೈಲಿನಿಂದ ಕಣ್ಣೆತ್ತದೆ ಹೇಳಿದಳು: "ಅಪ್ಪ, ಅದು ನಮ್ಮ ರೈಲು. ಇವತ್ತು ಕರೆಕ್ಟ್ ಟೈಮಿಗೆ ಬಂದಿದೆ."

ಆ ಬೋಗಿಯಲ್ಲಿ ಆಮೇಲೆ ಯಾರೂ ನನ್ನನ್ನು ನಿಯಮ ಕೇಳಲಿಲ್ಲ. ಅಮ್ಮ ಮಾತ್ರ "ಇಷ್ಟೊತ್ತು ನಿಲ್ತದೆ ಅಂತ ಗೊತ್ತಿದ್ರೆ ಇಲ್ಲೇ ಒಲೆ ಹಚ್ಚಿ ಬಿಸಿಬಿಸಿ ಮಾಡ್ಕೊಡ್ತಿದ್ದೆ" ಅಂದು ಎಲೆಅಡಿಕೆ ತೆಗೆದಳು. ರೈಲು ಹತ್ತಿಸಿದವಳು ಅವಳು, ಬೈಸಿಕೊಂಡವನು ನಾನು. ಖಾತೆ ನನ್ನದಲ್ಲವೇ?

ಯಶವಂತಪುರದಲ್ಲಿ ಇಳಿದು, ಆಟೋದವನ ಜೊತೆ ಚೌಕಾಸಿಗೂ ನಿಲ್ಲದೆ ಮತ್ತಿಕೆರೆ ಮುಟ್ಟಿದಾಗ ಹತ್ತೂ ನಲವತ್ತು. ತೆಂಗಿನಕಾಯಿ ಚೀಲ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ತಂಗಿಯ ತಲೆಗೆ ಇನ್ನೂ ಟವೆಲ್ ಸುತ್ತಿತ್ತು. ಒಳಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು, ಪುರೋಹಿತರ ಸುಳಿವಿರಲಿಲ್ಲ.

"ಅಯ್ಯೋ ಅಣ್ಣ, ಇಷ್ಟು ಬೇಗ ಬಂದುಬಿಟ್ಯಾ?"

"ಹತ್ತೂವರೆ ಅಂದಿದ್ದೆ ನೀನು!"

"ಅದು ನಿನಗೆ ಅಂತ ಹೇಳಿದ್ದು ಕಣೋ. ಮುಹೂರ್ತ ಇರೋದು ಹನ್ನೆರಡೂಕಾಲಿಗೆ."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಆಗಲೇ ಚಪ್ಪಲಿ ಬಿಟ್ಟು, ನಾದಿನಿಯ ಕೈಯಿಂದ ಕಾಫಿ ಲೋಟ ಇಸಿದುಕೊಂಡು, ಅಡುಗೆಮನೆಯ ಕಡೆ ಹೊರಟಿದ್ದಳು. ಹನ್ನೆರಡೂಕಾಲು ಅನ್ನುವುದು ಅವಳಿಗೇನೂ ಹೊಸ ಸುದ್ದಿಯ ಹಾಗೆ ಕಾಣಲಿಲ್ಲ.