ಹಂಗಾರೆ, ಒಂದ್ಸಲ ರೀಸ್ಟಾರ್ಟ್ ಮಾಡಿ ಕಾಂಬ

ನಮ್ಮ ಕಡೆ ‘ಹಂಗಾರೆ’ ಅಂದರೆ ‘ಹಾಗಾದರೆ’. ನಮ್ಮೂರು ಹಂಗಾರಕಟ್ಟೆಯ ಹೆಸರಿಗೂ ಈ ಮಾತಿಗೂ ನೆಂಟಸ್ತಿಕೆ ಹಚ್ಚುವ ಸಾಹಸ ನನಗೆ ಬೇಡ. ಆದರೆ ನಮ್ಮ ಲಿನಕ್ಸ್ ಅಣ್ಣಯ್ಯನ ಮಟ್ಟಿಗೆ ಊರು, ಮಾತು ಎರಡೂ ಒಂದೇ. ಯಾರ ಮನೆಯ ಕಂಪ್ಯೂಟರಿಗೆ ಏನೇ ಆಗಲಿ, ಮೊದಲು ಹಳೆ ಬೈಕಿನ ಸದ್ದು, ಆಮೇಲೆ ಬೆನ್ನಿನ ಚೀಲ, ಚೀಲದಿಂದ ನಾಲ್ಕು ಪೆನ್‌ಡ್ರೈವು, ಕೊನೆಗೆ ಈ ಮಂತ್ರ: “ಹಂಗಾರೆ, ಒಂದ್ಸಲ ರೀಸ್ಟಾರ್ಟ್ ಮಾಡಿ ಕಾಂಬ.”

ಹಿಂದೆ ಉಳುಕು ತೆಗೆಯುವವರು, ದೃಷ್ಟಿ ತೆಗೆಯುವವರು ಊರಿಗೊಬ್ಬರು ಇರುತ್ತಿದ್ದರಲ್ಲ, ಈಗ ಆ ಜಾಗ ಇವನದು. ದುಡ್ಡು ಮುಟ್ಟುವುದಿಲ್ಲ. ಒಂದು ಲೋಟ ಕಾಫಿ ಕೊಟ್ಟು, ಅದು ಮುಗಿಯುವ ತನಕ ಸ್ವತಂತ್ರ ತಂತ್ರಾಂಶದ ಮೇಲೆ ಅವನು ಹೇಳುವ ಅರ್ಥ ಕೇಳಿದರೆ ಸಾಕು. ಅರ್ಥ ಯಾವಾಗಲೂ 1991ರಿಂದಲೇ ಶುರು. ಆ ವರ್ಷ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ಇದು ಬರೀ ಹವ್ಯಾಸ, ದೊಡ್ಡದೇನೂ ಅಲ್ಲ ಎಂದುಕೊಂಡು ಒಂದು ಕರ್ನೆಲ್, ಅಂದರೆ ಕಂಪ್ಯೂಟರ್ ನಡೆಸುವ ತಂತ್ರಾಂಶದ ತಿರುಳು, ಬರೆದ. ಅದೇ ಲಿನಕ್ಸ್. ಅಷ್ಟು ಕೇಳುವಷ್ಟರಲ್ಲಿ ನಿಮ್ಮ ಕಾಫಿ ಮುಗಿದಿರುತ್ತದೆ. ಅವನದು ಮುಗಿದಿರುವುದಿಲ್ಲ, ಬೇಕೆಂದೇ ಉಳಿಸಿಕೊಂಡಿರುತ್ತಾನೆ.

ಅವನಿಗೆ ಈ ಗಾಳಿ ಸೋಕಿದ್ದು ಕಾಲೇಜಿನಲ್ಲಿ. 2005ರಿಂದ 2011ರ ತನಕ ಉಬುಂಟು ಎಂಬ ಲಿನಕ್ಸಿನವರು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳುಹಿಸುತ್ತಿದ್ದರು. ಹೊರದೇಶದಿಂದ ಮಾಣಿಯ ಹೆಸರಿಗೆ ಲಕೋಟೆ ಬಂದದ್ದು ಕಂಡು ಅವನ ಅಮ್ಮ, ಕೆಲಸವೇ ಸಿಕ್ಕಿತೆಂದು ದೇವರಿಗೆ ತುಪ್ಪದ ದೀಪ ಹಚ್ಚಿದರಂತೆ. ಆ ಸಿ.ಡಿ.ಗಳು ಇಂದಿಗೂ ಕೆಲಸದಲ್ಲಿವೆ. ಅವನ ಮನೆಯ ತರಕಾರಿ ಸಾಲಿನ ಮೇಲೆ ದಾರದಲ್ಲಿ ತೂಗುತ್ತ ಹಕ್ಕಿ ಓಡಿಸುತ್ತವೆ. “ಎಷ್ಟ್ ವರ್ಷ ಆಯ್ತ್ ಕಾಣಿ, ಒಂದ್ ದಿನ ಹ್ಯಾಂಗ್ ಆಯ್ಲಿಲ್ಲೆ” ಎನ್ನುವುದು ಅವನ ಹೆಮ್ಮೆ.

2025ರಲ್ಲಿ ಅವನಿಗೆ ದೀಪಾವಳಿ ಒಂದು ವಾರ ಮೊದಲೇ ಬಂತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹನ್ನೊಂದಕ್ಕೆ ಹೋಗಲು ಟಿ.ಪಿ.ಎಂ. 2.0 ಎಂಬ ಚಿಪ್ಪು ಬೇಕು, ಎಷ್ಟೋ ಹಳೆ ಯಂತ್ರಗಳಲ್ಲಿ ಅದಿಲ್ಲ. ಐರೋಡಿಯಿಂದ ಸಾಲಿಗ್ರಾಮದ ತನಕ ಮೂಲೆ ಸೇರಿದ್ದ ಲ್ಯಾಪ್‌ಟಾಪುಗಳಿಗೆಲ್ಲ ಅಣ್ಣಯ್ಯ ಲಿನಕ್ಸ್ ಮಿಂಟ್ ದೀಕ್ಷೆ ಕೊಟ್ಟ. ಜೊತೆಗೆ ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿದ. ಯಂತ್ರಗಳು ಹುಲಿವೇಷದ ಹಾಗೆ ಕುಣಿದವು. ಕುಣಿತದ ದೊಡ್ಡ ಪಾಲು ಎಸ್.ಎಸ್.ಡಿ.ಯದು. ಅದನ್ನು ಅವನ ಎದುರು ಹೇಳಬೇಡಿ. ಇನ್ನೊಂದು ಲೋಟ ಕಾಫಿಗೆ ಇಡಬೇಕಾಗುತ್ತದೆ.

ದೀಕ್ಷೆ ಸುಲಭ, ಸಂಸಾರ ಕಷ್ಟ. ನಮ್ಮ ಮಾವಯ್ಯನ ಡೆಸ್ಕ್‌ಟಾಪಿನ ವೈಫೈ ತುಂಡು ಲಿನಕ್ಸಿನ ಗುರುತು ಹಿಡಿಯಲೇ ಇಲ್ಲ.

“ಡ್ರೈವರ್ ಇಲ್ಲೆ ಮಾವಯ್ಯ.”

“ಹಂಗಾರೆ ತರ್ಸ್.”

“ತರ್ಸೂಕೆ ಇಂಟರ್ನೆಟ್ ಬೇಕ್.”

“ಇಂಟರ್ನೆಟ್ ಎಲ್ಲಿತ್?”

“ಡ್ರೈವರ್ ಬಂದ್ರೆ ಬತ್ತ್.”

ಮಾವಯ್ಯ ಹೊಳೆಯ ಕಡೆ ನೋಡಿದರು. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆ ಅದು. ಎದುರು ದಡದಲ್ಲಿ ಕೋಡಿಬೆಂಗ್ರೆ, ದಾಟಲು ಬಾರ್ಜು. “ಅಂದ್ರೆ, ಬಾರ್ಜಿನ ಡ್ರೈವರ್ ಬೆಂಗ್ರೆಯಂಗ್ ಕೂತಿದ್ದ. ಅವ್ನ್ ಕರ್ಕಂಡ್ ಬಪ್ಪುಕೆ ನಂಗೆ ಬಾರ್ಜೇ ಬೇಕ್. ಹೌದಾ?” ಎಂದರು. ಈ ತೊಡಕನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಡೆಗೆ ಮೊಬೈಲನ್ನು ಯು.ಎಸ್.ಬಿ. ತಂತಿಯಲ್ಲಿ ಕಟ್ಟಿ, ಅದರ ಇಂಟರ್ನೆಟ್ಟಿನಿಂದ ಡ್ರೈವರನ್ನು ಇಳಿಸಿದ್ದಾಯಿತು. ಬಾರ್ಜು ಬಿಟ್ಟು ಮಾಬುಕಳ, ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ಸುತ್ತಿ ಬೆಂಗ್ರೆ ಸೇರಿದ ಹಾಗೆ. ತಲುಪಿದ್ದಂತೂ ಹೌದು.

ಪ್ರಿಂಟರಿನದು ಇನ್ನೊಂದು ಕಥೆ. ಅದು ಹಾಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಯೋಚಿಸುತ್ತದೆ, ಖಾಲಿಯಾಗಿಯೇ ಹಿಂದಿರುಗಿಸುತ್ತದೆ. “ಅಚ್ಚಾಗಿರ್ತ್ ಮಾವಯ್ಯ, ಕಾಂತಿಲ್ಲೆ ಅಷ್ಟೇ” ಎಂದು ಅಣ್ಣಯ್ಯ ಒಮ್ಮೆ ಹೇಳಿಯೂ ಬಿಟ್ಟ. ಒ.ಟಿ.ಟಿ.ಯದು ಬೇರೆ ಹಾಡು. ಸಿನಿಮಾ ಕದಿಯದಂತೆ ಹಾಕುವ ಬೀಗ ಲಿನಕ್ಸಿನಲ್ಲಿ ಯಂತ್ರಾಂಶದ ಮಟ್ಟಕ್ಕೆ ಇಳಿಯುವುದಿಲ್ಲ. ಹಾಗಾಗಿ ಕೆಲವು ಸೇವೆಗಳು ಇಲ್ಲಿ ಪೂರ್ತಿ ಸ್ಪಷ್ಟತೆಯ ಚಿತ್ರ ಬಿಡುವುದಿಲ್ಲ. ಚಂದಾ ಕಟ್ಟಿದ ಸಿನಿಮಾ ಮಸುಕು, ಪುಕ್ಕಟೆ ಯಕ್ಷಗಾನ ಕನ್ನಡಿಯಂತೆ ಸ್ವಚ್ಛ. ಮಾವಯ್ಯನಿಗೆ ಇದರಲ್ಲಿ ತಕರಾರು ಇರಲಿಲ್ಲ. ಅವರಿಗೆ ಕಂಪ್ಯೂಟರ್ ಬೇಕಾಗಿದ್ದೇ ಆಟ ಕಾಣಲು. ಮಂಡಿ ನೋವು ಶುರುವಾದ ಮೇಲೆ ಗದ್ದೆಗೆ ಹೋಗಿ ಬೆಳಗಿನ ತನಕ ಕೂರುವುದು ನಿಂತು, ಲೈವ್ ಬಂದದ್ದನ್ನು ಟಿ.ವಿ.ಗೆ ಎಚ್.ಡಿ.ಎಂ.ಐ. ತಂತಿ ಚುಚ್ಚಿ ನೋಡುತ್ತಿದ್ದರು.

ಒಂದು ಶನಿವಾರ ರಾತ್ರಿ ‘ಗದಾಯುದ್ಧ’ ಪ್ರಸಂಗ. ಸಂಜೆಯೇ ಟಿ.ವಿ. ಕೈಕೊಟ್ಟಿತ್ತು. ಮಾನಿಟರಿನಲ್ಲೇ ಕಾಂಬ ಎಂದು ಎಂಟು ಜನ ಅದರ ಮುಂದೆ ಒತ್ತಿಕೊಂಡು ಕೂತೆವು. ಭಾಗವತರು ಬಾಯಿ ತೆರೆದರು, ಚೆಂಡೆಯ ಕೋಲು ಎದ್ದಿತು, ಬಿದ್ದಿತು. ಸದ್ದಿಲ್ಲ. ಅಣ್ಣಯ್ಯನಿಗೆ ಫೋನು ಹೋಯಿತು. ಹತ್ತು ನಿಮಿಷದಲ್ಲಿ ಬೈಕು ಬಂತು.

“ಅಪ್‌ಡೇಟ್ ಮಾಡಿದ್ರ್ಯಾ ಮಾವಯ್ಯ?”

“ನಂಗೆಂತಕೆ ಮಾರಾಯಾ ಅದೆಲ್ಲ? ಆಟ ಕಂಡ್ರೆ ಸಾಕ್.”

“ಅದಕ್ಕೇ ಸ್ವರ ಬತ್ತಿಲ್ಲೆ. ಐದೇ ನಿಮ್ಷ. ನೀವ್ ಊಟ ಮಾಡ್ಕಂಡ್ ಬನ್ನಿ.”

ಆ ಯಂತ್ರದ ಆವೃತ್ತಿಗೆ ಇನ್ನೂ ಹಲವು ವರ್ಷದ ಬೆಂಬಲ ಬಾಕಿ ಇತ್ತು. ಅವಸರವೇನೂ ಇರಲಿಲ್ಲ. ಆದರೆ ಅಪ್‌ಡೇಟ್ ಇದೆ ಎಂದು ತಿಳಿದೂ ಸುಮ್ಮನಿರುವುದು ಅಣ್ಣಯ್ಯನ ಜಾತಕದಲ್ಲಿಲ್ಲ. ಕಪ್ಪು ಕಿಟಕಿ ತೆರೆದ, ಆಜ್ಞೆಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಕುಟ್ಟಿದ: “ಸುಡೋ... ಸುಡೋ...” ಅಡುಗೆಮನೆಯಿಂದ ಅತ್ತೆ ಕೂಗಿದರು, “ಎಂತ ಸುಡುದ್ ಮಾಣಿ ಈ ಹೊತ್ತಿಗೆ? ಗೇರ್‌ಬೀಜವಾ?”

ಶೇಕಡ 71ರಲ್ಲಿ ಕರೆಂಟು ಹೋಯಿತು. ಯು.ಪಿ.ಎಸ್. ಎರಡು ಸಲ ಕೀಂಕೀಂ ಎಂದು ಸುಮ್ಮನಾಯಿತು. ಕರೆಂಟು ಬಂದ ಮೇಲೆ ಪರದೆ ಪೂರ್ತಿ ಕಪ್ಪು, ಎಡಮೂಲೆಯಲ್ಲಿ ಒಂದು ಗೆರೆ ಮಾತ್ರ ಮಿಣಮಿಣ. ಊಟ ಮುಗಿಸಿ ಬಂದ ಮಾವಯ್ಯ ಕನ್ನಡಕ ಒರೆಸಿಕೊಂಡು ನೋಡಿದರು. “ಕೌರವ ಸರೋವರದಂಗೆ ಮುಳ್ಗಿದ್ನಾ?” ಎಂದರು. ಅಣ್ಣಯ್ಯ ಭೀಮನಂತೆ ದಡದಲ್ಲಿ ನಿಂತು ಕರೆಯತೊಡಗಿದ. ರೀಸ್ಟಾರ್ಟ್ ಮಾಡಿದ, ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಹಳೆ ಕರ್ನೆಲ್ ಆರಿಸಿದ. ಲಿನಕ್ಸಿನ ದೊಡ್ಡ ಗುಣ ಇದೇ: ಹೊಸ ಕರ್ನೆಲ್ ಬಂದಾಗ ಹಳೆಯದನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ಯಂತ್ರ ಎದ್ದಿತು. ಅರ್ಧಕ್ಕೆ ನಿಂತ ಕೆಲಸವನ್ನು ಒಂದು ಸಾಲಿನ ಆಜ್ಞೆ ಕೊಟ್ಟು ಮುಗಿಸಿದ. ಚಿತ್ರ ಬಂತು. ಸ್ವರ ಮಾತ್ರ ಇನ್ನೂ ಇಲ್ಲ.

ಸದ್ದು ನೋಡಿಕೊಳ್ಳುವ ಪಲ್ಸ್‌ಆಡಿಯೋ ಹೋಗಿ ಪೈಪ್‌ವೈರ್ ಬಂದ ಕಥೆಯನ್ನು ಅವನು ಶುರು ಮಾಡುವಷ್ಟರಲ್ಲಿ, ಐದನೇ ಕ್ಲಾಸಿನ ಮೊಮ್ಮಗಳು ಮೂಲೆಯ ಸ್ಪೀಕರ್ ಗುರುತನ್ನು ಒತ್ತಿದಳು. “ಅಣ್ಣಯ್ಯ, ಇದ್ರಂಗೆ ಟಿ.ವಿ. ಅಂತ ಇತ್ತಲ್ದಾ?” ಇಷ್ಟು ಹೊತ್ತೂ ಚೆಂಡೆ, ಮದ್ದಳೆ, ಭಾಗವತಿಕೆ ಎಲ್ಲ ತಂತಿಯಲ್ಲಿ ಹರಿದು, ಕೆಟ್ಟು ಕೂತ ಟಿ.ವಿ.ಯ ಒಳಗೇ ಬಡಿದುಕೊಳ್ಳುತ್ತಿದ್ದವು. ಅವಳು ಕೆಳಗಿನ ಸಾಲು ಆರಿಸಿದಳು. ಸ್ಪೀಕರಿನಿಂದ ಮೊದಲು ಬಂದದ್ದು ಮಂಗಳದ ಪದ.

ಯಾರೂ ಬೈಯಲಿಲ್ಲ. ಅತ್ತೆ ಕಾಫಿ ತಂದರು. ಅಣ್ಣಯ್ಯ ಲೋಟ ಹಿಡಿದು, “ಏನೇ ಆಯ್ಲಿ, ಸಿಸ್ಟಮ್ ಈಗ ಅಪ್‌ಡೇಟ್ ಆಯ್ತಲ್ದಾ” ಎಂದ. ಹೊರಡುವಾಗ ಅವನ ಹೆಂಡತಿಯ ಫೋನು ಬಂತು. ಆಕೆ ಇಡೀ ಪ್ರಸಂಗವನ್ನು ಮನೆಯಲ್ಲಿ ಮೊಬೈಲಿನಲ್ಲೇ ಕಂಡು ಮುಗಿಸಿದ್ದರು.

ಅವನನ್ನು ಕಂಡು ನಗಬಹುದು. ಆದರೆ ರಾತ್ರಿ ಒಂದು ಗಂಟೆಗೆ ಕರೆದರೆ ಬರುವವರು ಈಗ ಊರಲ್ಲಿ ಎಷ್ಟು ಜನ? ಗುಜರಿಗೆ ಹೋಗಬೇಕಿದ್ದ ಆ ಯಂತ್ರದಲ್ಲಿ ಮೊಮ್ಮಗಳು ಇವತ್ತು ಕನ್ನಡದಲ್ಲಿ ಟೈಪ್ ಮಾಡುತ್ತಾಳೆ. ಹಳೆ ಲ್ಯಾಪ್‌ಟಾಪ್ ಇದ್ದವರು ಅವನನ್ನು ಧಾರಾಳವಾಗಿ ಕರೆಯಿರಿ. ಒಂದೇ ಮಾತು: ಜೂನ್, ಜುಲೈಯ 61 ದಿನ ಕಡಲಿಗೆ ಇಳಿಯುವಂತಿಲ್ಲವೆಂದು ನಮ್ಮ ಬೋಟಿನವರು ರಿಪೇರಿ ಇಟ್ಟುಕೊಳ್ಳುವುದೂ ಆಗಲೇ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುವುದೂ ಆಗಲೇ. ಅಪ್‌ಡೇಟನ್ನೂ ಆಗಲೇ ಮಾಡಿಸಿ. ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ ಎನ್ನುತ್ತೀರಾ? ಹಂಗಾರೆ, ಮೊದಲು ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿ.