ಲೈನಿಗೆ ಬನ್ನಿ ಸ್ವಾಮಿ

ನಮ್ಮೂರು ಕೌದಳ್ಳಿಯಲ್ಲಿ ಇಂಗ್ಲಿಷ್ ಬಾರದವರು ಯಾರೂ ಇಲ್ಲ. ಒಂದು ಪದವಂತೂ ಎಲ್ಲರಿಗೂ ಬರುತ್ತದೆ. ಲೈನ್.

ಕರೆಂಟ್ ಇಲ್ಲದಿದ್ದರೆ ಲೈನ್ ಹೋಗಿದೆ. ಫೋನ್ ಹತ್ತದಿದ್ದರೆ ಲೈನ್ ಸಿಗುತ್ತಿಲ್ಲ. ನಲ್ಲಿ ಒಣಗಿದ್ದರೆ ಪೈಪ್‌ಲೈನ್ ಒಡೆದಿದೆ. ಅಕ್ಕಿ ಬೇಕಿದ್ದರೆ ಲೈನ್ ನಿಲ್ಲಬೇಕು. ಪಕ್ಕದ ಬೀದಿಯ ಹುಡುಗ ಲೈನ್ ಹೊಡೆಯುತ್ತಾನೆ, ಅವನಪ್ಪ ಅವನನ್ನು ಲೈನಿಗೆ ತರಲು ನೋಡುತ್ತಾನೆ. ಇಷ್ಟರಲ್ಲಿ ತಪ್ಪದೆ ನಡೆಯುತ್ತಿರುವುದು ಆ ಹುಡುಗನ ಲೈನ್ ಒಂದೇ.

ಇದರ ಹುಟ್ಟು ಕೇಳಿ. ಲ್ಯಾಟಿನ್ನಿನಲ್ಲಿ ‘ಲೀನುಮ್’ ಅಂದರೆ ಅಗಸೆ. ಹುಬ್ಬಳ್ಳಿ ಕಡೆಯವರು ಚಟ್ನಿಪುಡಿ ಕುಟ್ಟುತ್ತಾರಲ್ಲ, ಅದೇ. ಅದರ ನಾರಿನಿಂದ ಹೊಸೆದ ದಾರ ‘ಲೀನೆಯ’. ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಹಾಗೆ ದಾರವೇ ಗೆರೆಯಾಯಿತು, ಗೆರೆಯೇ ಸಾಲಾಯಿತು. ಸಭೆಗೆ ಬರುವ ಸಾಹೇಬರ ಲಿನನ್ ಅಂಗಿ, ಕೊಳ್ಳೇಗಾಲದ ಟೈಲರ್ ರವಿಕೆಗೆ ಕೊಡುವ ಲೈನಿಂಗ್, ಎರಡೂ ಅದೇ ಅಗಸೆಯ ವಂಶ. ಹುಟ್ಟುವಾಗ ನೆಟ್ಟಗೇ ಇತ್ತು. ನಮ್ಮ ಕೈಗೆ ಬಂದ ಮೇಲೆ ಸೊಟ್ಟಗಾಯಿತು.

ನಾಲ್ಕು ಹನಿ ಬಿದ್ದ ದಿನ ಲೈನ್‌ಮನ್‌ಗೆ ಫೋನ್ ಮಾಡಿ ನೋಡಿ. ‘ಲೈನ್ ಮ್ಯಾಲೆ ಮರ ಬಿದ್ದದೆ ಸಾ, ಸಂಜೆಗಂಟ ಬರಲ್ಲ.’ ಅವನನ್ನು ಬೈಯಬೇಡಿ. ಒಬ್ಬ ಮನುಷ್ಯ, ಹತ್ತಾರು ಊರು, ಕಾಡಂಚಿನ ಕಂಬಗಳು. ಮೇಲಿನವರಿಗೆ ಹೇಳೋಣವೆಂದರೆ ಹೆಲ್ಪ್‌ಲೈನ್ ಇದೆ. ಮೊದಲು ಸಂಗೀತ. ಆಮೇಲೆ ಇಂಪಾದ ಹೆಣ್ಣುದನಿ: ದಯವಿಟ್ಟು ಲೈನಿನಲ್ಲೇ ಇರಿ. ಲೈನ್ ಹೋಗಿದೆ ಎಂದು ಹೇಳುವುದಕ್ಕೆ ಲೈನಿನಲ್ಲಿ ಲೈನ್ ನಿಲ್ಲಬೇಕು. ಆಕ್ಸ್‌ಫರ್ಡಿನ ಪಂಡಿತರು ಈ ಅರ್ಥವನ್ನು ಇನ್ನೂ ಸೇರಿಸಿಕೊಂಡಿಲ್ಲ.

ಕಣ್ಣಿಗೆ ಕಾಣದ ಲೈನ್ ಒಂದಿದೆ. ಬಿಪಿಎಲ್‌ನ ಕೊನೆಯ ಅಕ್ಷರ. ಕೆಳಗಿದ್ದರೆ ಅಕ್ಕಿ, ಮೇಲಿದ್ದರೆ ಬಾಯಿಗೆ ಮಣ್ಣು. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ರೇಷನ್ ಕಾರ್ಡು ರದ್ದಾದ ಗಲಾಟೆ ನೆನಪಿರಬೇಕು. ರಾತ್ರಿ ಬಡವರಾಗಿ ಮಲಗಿದವರು ಬೆಳಗ್ಗೆ ಎಪಿಎಲ್ ಆಗಿ ಎದ್ದರು. ಕೂಗೆದ್ದಿತು. ಸರ್ಕಾರ ಹಿಂದೆ ಸರಿಯಿತು. ಅವರು ಮತ್ತೆ ಬಡವರಾದರು. ಇಷ್ಟು ಬೇಗ ಸಿರಿತನ ಬಂದು ಹೋದದ್ದು ಪುರಾಣದಲ್ಲೂ ಇಲ್ಲ.

ಕಾರ್ಡು ಉಳಿಯಿತು ಅನ್ನಿ. ಅಂಗಡಿ ಮುಂದೆ ಅಜ್ಜಿಯೊಬ್ಬಳು ಹೆಬ್ಬೆಟ್ಟು ಒತ್ತುತ್ತಾಳೆ. ಮಿಷನ್ ಒಪ್ಪುವುದಿಲ್ಲ. ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಜೀವಮಾನವಿಡೀ ಕಳೆ ಕಿತ್ತ ಬೆರಳು, ಗೆರೆಗಳೇ ಸವೆದುಹೋಗಿವೆ. ‘ಲೈನ್ ಬತ್ತಿಲ್ಲ ಕಣಜ್ಜಿ, ನಾಳೆ ಬಾ’ ಅನ್ನುತ್ತಾನೆ ಅಂಗಡಿಯವ. ಬೆರಳಿನ ಲೈನೋ ಇಂಟರ್‌ನೆಟ್ಟಿನದೋ, ಆಕೆ ಕೇಳುವುದಿಲ್ಲ. ಚೀಲ ಮಡಚಿ ಕಂಕುಳಲ್ಲಿಟ್ಟು ಹೊರಡುತ್ತಾಳೆ.

ಇದಕ್ಕೆಲ್ಲ ಮದ್ದು ಆನ್‌ಲೈನ್ ಅಂತೆ. ಹಾಗೆಂದರೇನು ಗೊತ್ತೆ? ಲೈನ್ ಎಂದಿನಂತೆ ಇರುತ್ತದೆ. ಜೊತೆಗೆ ಸೈಬರ್ ಅಂಗಡಿಯವನ ಖರ್ಚು ಬೇರೆ.

ಇನ್ನು ಡೆಡ್‌ಲೈನ್. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಆಂಡರ್ಸನ್‌ವಿಲ್ ಎಂಬಲ್ಲಿ ಒಂದು ಸೆರೆ ಶಿಬಿರವಿತ್ತು. ಬೇಲಿಯ ಒಳಗೆ ಇನ್ನೊಂದು ಗೆರೆ. ಅದನ್ನು ದಾಟಿದ ಕೈದಿಗೆ ಗುಂಡು. ಅದು ಡೆಡ್‌ಲೈನ್. ನಮ್ಮಲ್ಲಿ ಗುತ್ತಿಗೆದಾರರು ಡೆಡ್‌ಲೈನ್ ದಾಟಿದರೆ ಅವಧಿ ವಿಸ್ತರಣೆ. ಪರಿಷ್ಕೃತ ಅಂದಾಜು ಎಂಬ ಬಾಡೂಟ ಆಮೇಲೆ.

ಲೈನ್ ದೇವರನ್ನೂ ಬಿಟ್ಟಿಲ್ಲ. ಶಿವರಾತ್ರಿ ಬಂದರೆ ಸಾವಿರಾರು ಜನ ‘ಉಘೇ ಮಾದಪ್ಪ’ ಎನ್ನುತ್ತ ನಮ್ಮೂರ ರಸ್ತೆಯಲ್ಲೇ ನಡೆದು ತಾಳಬೆಟ್ಟದಿಂದ ಮಾದಪ್ಪನ ಮಲೆ ಮಹದೇಶ್ವರ ಬೆಟ್ಟ ಹತ್ತುತ್ತಾರೆ. ಕಾಲಲ್ಲಿ ಬೊಬ್ಬೆ, ಬಾಯಲ್ಲಿ ಉಘೇ. ನಾಡಿನ ಯಾವ ದೊಡ್ಡ ಕ್ಷೇತ್ರಕ್ಕಾದರೂ ಹೋಗಿ, ನಡೆದು ಬಂದವನಿಗೆ ಉದ್ದದ ಲೈನ್. ದುಡ್ಡು ಕೊಟ್ಟವನಿಗೆ ಗಿಡ್ಡ ಲೈನ್. ಗೂಟದ ಕಾರಿನವನಿಗೆ ಲೈನೇ ಇಲ್ಲ. ಆಮೇಲೆ ಅದೇ ಸಾಹೇಬರು ಮೈಕ್ ಹಿಡಿದು, ದೇವರ ಮುಂದೆ ಎಲ್ಲರೂ ಸಮಾನರು ಅನ್ನುತ್ತಾರೆ. ಚಪ್ಪಾಳೆ ತಟ್ಟುವವರು ಯಾರು? ಉದ್ದದ ಲೈನಿನವರು.

ಇಂಡಿಗನತ್ತದವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬೆಟ್ಟದ ಕಾಡೊಳಗಿನ ಊರು. ರಸ್ತೆ, ನೀರು, ಕರೆಂಟು ಕೇಳಿ ಕೇಳಿ ಸಾಕಾಗಿ 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತ ಹಾಕುವುದಿಲ್ಲವೆಂದು ಕುಳಿತರು. ಮನವೊಲಿಸಲು ಅಧಿಕಾರಿಗಳು ಹೋದರು. ಗಲಾಟೆಯಾಯಿತು, ಮತಯಂತ್ರ ಪುಡಿಯಾಯಿತು, ಕೇಸು ಬಿದ್ದವು. ಏಪ್ರಿಲ್ 29ಕ್ಕೆ ಮರುಮತದಾನ. ರಸ್ತೆ ಸರಿಯಿಲ್ಲದ ಊರಿಗೆ ಮೂರೇ ದಿನದಲ್ಲಿ ಹೊಸ ಯಂತ್ರ ಬಂತು, ಸಿಬ್ಬಂದಿ ಬಂದರು, ಪೊಲೀಸರು ಬಂದರು. ಕರೆಂಟ್ ಲೈನಿಗೆ ಮಾತ್ರ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. ಮತಪೆಟ್ಟಿಗೆಗೆ ಕಾಡು ಎಂದೂ ಅಡ್ಡ ಬಂದಿಲ್ಲ.

ಮರುವರ್ಷ, 2025ರ ಏಪ್ರಿಲ್ 24ರಂದು, ರಾಜ್ಯದ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ನಡೆಸಿತು. ಹೆಡ್‌ಲೈನ್ ಬಂತು. ಅದೂ ಒಂದು ಲೈನೇ, ಇಲ್ಲ ಅನ್ನಲಾಗದು.

ರೈಲ್ವೆ ಲೈನಿನ ಮಾತಾಡಿ ಮುಗಿಸುತ್ತೇನೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಾದು ಚಾಮರಾಜನಗರ ಸೇರಬೇಕಾದ ಮಾರ್ಗ 1990ರ ದಶಕದಿಂದ ಕಾಗದದ ಮೇಲೆ ಓಡುತ್ತಿದೆ. ಚುನಾವಣೆ ಘೋಷಣೆಯಾದ ದಿನ ಸೀಟಿ ಊದುತ್ತದೆ. ಫಲಿತಾಂಶದ ದಿನ ಶೆಡ್ಡಿಗೆ ಹೋಗುತ್ತದೆ. ಅತ್ತ ನಾಗರಹೊಳೆ, ಬನ್ನೇರುಘಟ್ಟದ ಕಾಡಂಚಿನಲ್ಲಿ ಹಳೆಯ ರೈಲು ಕಂಬಿಗಳನ್ನೇ ನೆಟ್ಟು ಆನೆಗೆ ಬೇಲಿ ಹಾಕಿದ್ದಾರೆ. ಹಳಿಗೇನೂ ಈ ರಾಜ್ಯದಲ್ಲಿ ಬರವಿಲ್ಲ ಅಂತಾಯಿತು. ಆನೆಗೆ ಸಿಕ್ಕಿದೆ. ಕೊಳ್ಳೇಗಾಲಕ್ಕೆ ರೈಲು ಇನ್ನೂ ಬಂದಿಲ್ಲ.